ಜೈಸಲ್ಮೇರದಾಗ ಛಾವಣಿ ಕೆಳಗಿನ ರೂಮ್ ಬ್ಯಾಡ

ಹುಬ್ಬಳ್ಳಿ-ಧಾರವಾಡದಿಂದ ರಾಜಸ್ಥಾನದ ಕಡೆ ಹೊಂಟವರಿಗೆ: ಜೈಸಲ್ಮೇರದಾಗ ಹೋಟೆಲ್ ಹಿಡಿಯುವಾಗ "ಎಲ್ಲಾಕ್ಕಿಂತ ಮ್ಯಾಲಿಂದು ಬ್ಯಾಡ, ಪಡುವಲಕ್ಕ ಗ್ವಾಡಿ ಇರೋದೂ ಬ್ಯಾಡ, ನಡುವಿನ ಮಜಲಿನ್ಯಾಗ ಉತ್ತರದ ಕಡೇದು ಕೊಡ್ರಿ" ಅಂತ ಫೋನಿನ್ಯಾಗೇ ಹೇಳಿಬಿಡ್ರಿ. ಅಲ್ಲಿ ಬಹಳಷ್ಟು ಕಟ್ಟಡ ಹಳದಿ ಮರಳುಗಲ್ಲಿನವು. ಹಗಲೆಲ್ಲಾ ಬಿಸಲು ಕುಡದ ಕಲ್ಲು ರಾತ್ರಿ ಆ ಕಾವನ್ನ ಒಳಗ ಬಿಡತದ. ಹೊರಗ ಗಾಳಿ ತಂಪಾದ್ರೂ ರೂಮ್ ಮಾತ್ರ ರೊಟ್ಟಿ ಹಂಚು, ಏಸಿ ಎಷ್ಟು ಗುರ್ ಅಂದ್ರೂ ಅಷ್ಟ. ಕೋಟೆ ಕಾಣತದ ಅಂತ ಮ್ಯಾಲಿನ ರೂಮಿಗೆ ಹೆಚ್ಚಿಗಿ ರೊಕ್ಕ ಕೇಳತಾರ; ಕೋಟೆ ನೋಡಾಕ ಸಂಜಿಕ ಛಾವಣಿ ಮ್ಯಾಲ ಕುಂತು ಒಂದು ಚಾ ಕುಡದ್ರ ಸಾಕಲ್ರಿ! ನೀರಿನ ಟಾಕಿನೂ ಸಾಮಾನ್ಯ ಮ್ಯಾಲೇ ಇರತದ, ಬ್ಯಾಸಗಿ ಮಧ್ಯಾಹ್ನ ತಣ್ಣೀರಿನ ನಳಕ್ಕೂ ಸುಡುನೀರು ಬರತದ, ಅದಕ್ಕ ಜಳಕ ಮುಂಜಾನೇನ ಮುಗಿಸ್ರಿ. ಡಿಸೆಂಬರ್-ಜನವರಿಗೆ ಈ ಲೆಕ್ಕ ಉಲ್ಟಾ: ರಾತ್ರಿ 10 ಡಿಗ್ರಿಗಿಂತ ಕೆಳಗ ಇಳೀತದ, ಅವಾಗ ಪಡುವಲ ಗ್ವಾಡಿ ರೂಮೇ ಬೆಚ್ಚಗ. ಇನ್ನ ಇಕ್ಕಟ್ಟಿನ ಓಣಿಯಾಗಿನ ಹೋಟೆಲಾದ್ರ ಎದುರಿನ ಮನಿ ನೆರಳೇ ಗ್ವಾಡಿ ಮುಚ್ಚಿರತದ, ಅಲ್ಲಿ ದಿಕ್ಕು ಕೇಳೋ ಗರಜಿಲ್ಲ. ಛಾವಣಿ ಕೆಳಗಿಂದು ಅಲ್ಲ ಅನ್ನೋದಷ್ಟ ನೋಡಕೋರಿ.