ದಣಿದ ಕಾಲಿಗೆ ಸೋಡಾ ನೀರು: ಗ್ಯಾಸ್ ಹಾರದಂತೆ ಬೆರೆಸುವುದು ಹೇಗೆ?

ಬಕೆಟ್ಟಿನ ಬಿಸಿನೀರಿಗೆ ಅಡುಗೆ ಸೋಡಾ, ಸಿಟ್ರಿಕ್ ಆ್ಯಸಿಡ್ ಎರಡನ್ನೂ ಒಟ್ಟಿಗೆ ಸುರಿದು, ಬುಸ್ಸನೆ ನೊರೆ ಎದ್ದ ಮೇಲೆ ಕಾಲು ಇಳಿಬಿಡುವವರೇ ಹೆಚ್ಚು. ಕಾಲಿಗೆ ಸಿಗಬೇಕಾದ ಕಾರ್ಬನ್ ಡೈಆಕ್ಸೈಡ್ ಆ ನೊರೆಯ ಜೊತೆಗೇ ಹಾರಿಹೋಗಿರುತ್ತದೆ. ಚರ್ಮದೊಳಗೆ ಇಳಿಯುವುದು ನೀರಿನಲ್ಲಿ ಕರಗಿದ ಗ್ಯಾಸ್. ಅದು ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿ ರಕ್ತದ ಹರಿವು ಹೆಚ್ಚಿಸುತ್ತದೆ. ಇದು ಚೆನ್ನಾಗಿ ಆಗಬೇಕಾದರೆ ಲೀಟರಿಗೆ ಸುಮಾರು 1000 ಮಿ.ಗ್ರಾಂ ಕರಗಿರಬೇಕು. ಜರ್ಮನಿಯ ಬಾಡ್ ನೌಹೈಮ್, ಜಪಾನಿನ ನಾಗಾಯು ಊರುಗಳ ಬುಗ್ಗೆಗಳು ಹೆಸರಾಗಿರುವುದು ಇಂಥ ನೀರಿಗೇ. ಚರ್ಮದ ರಕ್ತ ಹರಿವು ಹೆಚ್ಚುವುದು ಖಚಿತ; ಸ್ನಾಯುವಿನ ದಣಿವು ಇಳಿಯುವ ವಿಷಯದಲ್ಲಿ ಮಾತ್ರ ಪವಾಡ ನಿರೀಕ್ಷಿಸಬೇಡಿ.

ಮೊಣಕಾಲಿನವರೆಗೆ ಮುಳುಗುವಂಥ ಕಿರಿದಾದ, ಆಳದ ಬಕೆಟ್ ಆರಿಸಿ. ಅಗಲ ಬೇಸಿನ್‌ನಲ್ಲಿ ಗ್ಯಾಸ್ ಬೇಗ ಹೋಗುತ್ತದೆ. ಗುಳ್ಳೆ ಎಬ್ಬಿಸುವ ಫುಟ್ ಸ್ಪಾ ಯಂತ್ರ ಇದ್ದರೆ ಅದರ ಸ್ವಿಚ್ ಆಫ್ ಮಾಡಿ. ಅದು ಕರಗಿದ ಗ್ಯಾಸನ್ನು ಹೊರದಬ್ಬುತ್ತದೆ.

15 ಲೀಟರ್ ನೀರು, 36ರಿಂದ 37 ಡಿಗ್ರಿ. ಥರ್ಮಾಮೀಟರ್ ಬೇಕೇ ಬೇಕು, ಕೈಯಿಟ್ಟು ನೋಡುವ ಅಂದಾಜು ಬೇಡ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 1.7 ಗ್ರಾಂ ಗ್ಯಾಸ್ ಹಿಡಿದಿಡುವ ನೀರು 37ರಲ್ಲಿ ಒಂದು ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಇನ್ನೂ ಬಿಸಿ ಮಾಡಿದರೆ ಇನ್ನೂ ನಷ್ಟ.

ಕೆಡುವುದು ಮುಂದಿನ ಹಂತದಲ್ಲೇ. ಮೊದಲು 50 ಗ್ರಾಂ ಅಡುಗೆ ಸೋಡಾ ಹಾಕಿ, ಹರಳು ಉಳಿಯದಂತೆ ಪೂರ್ತಿ ಕಲಕಿ. ಬೇರೆ ಪಾತ್ರೆಯಲ್ಲಿ 50 ಗ್ರಾಂ ಸಿಟ್ರಿಕ್ ಆ್ಯಸಿಡನ್ನು 300 ಮಿ.ಲೀ. ನೀರಿನಲ್ಲಿ ಕರಗಿಸಿಕೊಳ್ಳಿ. ಆಲಿಕೆಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ, ಅದರ ತುದಿ ಬಕೆಟ್ಟಿನ ತಳ ಮುಟ್ಟುವಂತೆ ಇಳಿಸಿ. ಆ್ಯಸಿಡ್ ದ್ರಾವಣವನ್ನು ಸಣ್ಣ ಧಾರೆಯಾಗಿ ಮೂರು ನಿಮಿಷ ಬಿಡಿ, ತುದಿಯನ್ನು ತಳದಲ್ಲೇ ನಿಧಾನ ತಿರುಗಿಸುತ್ತಿರಿ. ಜೋರಾಗಿ ಸದ್ದು ಬಂದರೆ ಧಾರೆ ದಪ್ಪವಾಗಿದೆ ಎಂದರ್ಥ. ಆಮೇಲೆ ಕಲಕಬೇಡಿ.

ನೀರು ಎಷ್ಟು ಹುಳಿ ಎಂದು ತೋರಿಸುವ ಪಿಎಚ್ ಕಾಗದ ಅದ್ದಿ ನೋಡಿ: 5.5ರ ಸುತ್ತ ಇರಬೇಕು. 6 ದಾಟಿದ್ದರೆ ಗ್ಯಾಸ್‌ನ ದೊಡ್ಡ ಪಾಲು ಬಿಡುಗಡೆಯಾಗದೆ ಬೈಕಾರ್ಬನೇಟ್ ರೂಪದಲ್ಲೇ ಉಳಿದಿದೆ. ಗಡಸು ನೀರಿನಲ್ಲಿ ಹೀಗಾಗುವುದು ಸಾಮಾನ್ಯ. 5 ಗ್ರಾಂ ಆ್ಯಸಿಡನ್ನು ಅದೇ ಕೊಳವೆಯಿಂದ ಸೇರಿಸಿ.

ಬೇಕಿಂಗ್ ಪೌಡರ್ ಬೇಡ, ಅದರಲ್ಲಿ ಪಿಷ್ಟ ಸೇರಿರುತ್ತದೆ. ಬಟ್ಟೆ ಸೋಡಾ ಅಂತೂ ಚರ್ಮ ಸುಡುತ್ತದೆ. ವಿನೆಗರ್ ಬಳಸಿದರೆ ಇಷ್ಟು ಸೋಡಾಕ್ಕೆ ಮುಕ್ಕಾಲು ಲೀಟರ್ ಹತ್ತಿರ ಬೇಕು, ವಾಸನೆ ಬೇರೆ. ಬಣ್ಣ, ಪರಿಮಳ ಬೆರೆತ ಬಾತ್ ಬಾಂಬ್ ನೋಡಲಷ್ಟೇ ಚೆಂದ.

ಕಾಲಿಟ್ಟು 15 ನಿಮಿಷ ಅಲುಗದೆ ಕೂರಿ. ರೋಮಗಳ ಬುಡದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ, ಒರೆಸಬೇಡಿ. ಕೆಲವೇ ನಿಮಿಷಗಳಲ್ಲಿ ನೀರಿನ ಮಟ್ಟಕ್ಕೆ ಗೆರೆ ಎಳೆದಂತೆ ಚರ್ಮ ಕೆಂಪಾಗುತ್ತದೆ. ಮೈಬಣ್ಣ ಗಾಢವಾಗಿದ್ದರೆ ಕೆಂಪು ಕಾಣದಿರಬಹುದು. ನೀರು ಇರುವುದಕ್ಕಿಂತ ಬೆಚ್ಚಗೆ ಅನ್ನಿಸುವುದೇ ಗುರುತು.

ಇದನ್ನೇ ಬಾತ್‌ಟಬ್‌ನಲ್ಲಿ ಮಾಡುವುದಾದರೆ ಎಚ್ಚರ. 150 ಲೀಟರ್ ನೀರಿಗೆ ಅರ್ಧ ಅರ್ಧ ಕಿಲೋ ಹಾಕಿದರೆ ಹುಟ್ಟುವ ಗ್ಯಾಸ್ ಸುಮಾರು 150 ಲೀಟರ್. ಗಾಳಿಗಿಂತ ಭಾರವಾದ ಅದು ನೀರಿನ ಮೇಲೇ, ಮೂಗಿನ ಹತ್ತಿರವೇ ನಿಲ್ಲುತ್ತದೆ. ಕಿಟಕಿ ತೆರೆದಿರಲಿ, ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ, ತಲೆ ಅಂಚಿಗಿಂತ ಮೇಲಿರಲಿ, ಒಬ್ಬರೇ ಇಳಿಯಬೇಡಿ. ತಲೆನೋವು, ಏದುಸಿರು ಶುರುವಾದರೆ ತಕ್ಷಣ ಹೊರಗೆ ಬನ್ನಿ. ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ಹಾಕುವ ಪ್ರಯೋಗ ಬೇಡವೇ ಬೇಡ. ಕಾಲಿನ ಸ್ನಾನವೇ ಸಾಕು ಎಂಬುದು ನನ್ನ ಪಟ್ಟು.

ಹೃದಯ ವೈಫಲ್ಯ, ಶ್ವಾಸಕೋಶದ ಕಾಯಿಲೆ, ಕಡಿಮೆ ರಕ್ತದೊತ್ತಡ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರೂ ಅಷ್ಟೆ. ಗಾಯ, ಸೋಂಕು ಇದ್ದರೆ ಮಾಯುವವರೆಗೆ ತಡೆಯಿರಿ.

ಮುಗಿದ ಮೇಲೆ ಬರೀ ನೀರಿನಲ್ಲಿ ತೊಳೆದು ಒರೆಸಿಕೊಳ್ಳಿ. ಅದೇ ನೀರನ್ನು ಮತ್ತೆ ಕಾಯಿಸಿ ಬಳಸುವುದು ದಂಡ: ಇದ್ದಬದ್ದ ಗ್ಯಾಸ್ ಹೋಗಿ, ಸೋಡಾ–ಆ್ಯಸಿಡ್ ಸೇರಿ ಆದ ಸೋಡಿಯಂ ಸಿಟ್ರೇಟ್ ಎಂಬ ಲವಣ ಬೆರೆತ ನೀರಷ್ಟೇ ಉಳಿಯುತ್ತದೆ.