ಗೆದ್ದಿರಿ ಸರಿ, ಎದುರಿಗೆ ಯಾರಿದ್ದರು?

ಚಿಯರ್‌ಲೀಡಿಂಗ್ ಅಂದರೆ ಪಾಂಪಾಮ್ ಹಿಡಿದು ಬೇರೆಯವರ ಮ್ಯಾಚಿಗೆ ಕುಣಿಯುವುದು ಅಂತ ತಿಳಿದವರೇ ಜಾಸ್ತಿ. ನಾನು ಕೋಚಿಂಗ್ ಮಾಡುವುದು ಆಲ್‌ಸ್ಟಾರ್ ಚಿಯರ್ ತಂಡಗಳಿಗೆ. ಇಲ್ಲಿ ಹುರಿದುಂಬಿಸಲು ಬೇರೆ ತಂಡವೇ ಇಲ್ಲ, ಸ್ಪರ್ಧೆಗೆ ಇಳಿಯುವವರು ನಾವೇ. 54 ಅಡಿ ಅಗಲ, 42 ಅಡಿ ಆಳದ ಸ್ಪ್ರಿಂಗ್ ಫ್ಲೋರ್. ಕೈಯಲ್ಲಿರುವುದು ಎರಡೂವರೆ ನಿಮಿಷ. ಅಷ್ಟರಲ್ಲಿ ಸ್ಟಂಟ್ (ಒಬ್ಬಳನ್ನು ಮೇಲೆತ್ತಿ ನಿಲ್ಲಿಸುವುದು), ಪಿರಮಿಡ್, ಟಂಬ್ಲಿಂಗ್ (ನೆಲದ ಮೇಲಿನ ಪಲ್ಟಿಗಳು), ಜಂಪ್, ಡಾನ್ಸ್ ಎಲ್ಲ ಮುಗಿಯಬೇಕು. ಒಂದು ತಂಡ ಇಳಿದ ಮೇಲೆ ಇನ್ನೊಂದು ಹತ್ತುತ್ತದೆ. ಎದುರಾಳಿಯನ್ನು ನಾವು ತಡೆಯುವ ಹಾಗಿಲ್ಲ, ಅವರು ನಮ್ಮನ್ನು ಮುಟ್ಟುವ ಹಾಗಿಲ್ಲ. ಎಷ್ಟೋ ಸಲ ಅವರ ರೂಟೀನ್ ನೋಡಲಿಕ್ಕೂ ಸಿಗುವುದಿಲ್ಲ. ಆ ಹೊತ್ತಿಗೆ ನಮ್ಮ ಮಕ್ಕಳು ಹಿಂದುಗಡೆ ವಾರ್ಮ್‌ಅಪ್ ಮಾಡುತ್ತಿರುತ್ತಾರೆ.

ಹಾಗಾದರೆ ಅನ್ಯಾಯಕ್ಕೆ ಜಾಗ ಎಲ್ಲಿದೆ ಅಂತ ಕೇಳಬಹುದು. ನನ್ನ ಪ್ರಕಾರ ಜಾಸ್ತಿ ಜಾಗ ಇರುವುದು ಸೀಸನ್ ಶುರುವಾಗುವ ಮೊದಲೇ, ಕೋಚ್ ಕೂತು ತಂಡದ ಪಟ್ಟಿ ಬರೆಯುವಾಗ.

ಆಲ್‌ಸ್ಟಾರ್ ಚಿಯರ್‌ನಲ್ಲಿ ಒಂದರಿಂದ ಏಳರವರೆಗೆ ಲೆವೆಲ್‌ಗಳಿವೆ. ಒಂದರಲ್ಲಿ ಕೈ ಊರಿ ಮೈ ತಿರುಗಿಸುವ ಕಾರ್ಟ್‌ವೀಲ್, ರೌಂಡ್‌ಆಫ್, ವಾಕ್‌ಓವರ್ ತನಕ ಮಾತ್ರ. ಎರಡರಲ್ಲಿ ಹಿಂದಕ್ಕೆ ಜಿಗಿದು ಕೈ ಊರಿ ಎದ್ದು ನಿಲ್ಲುವ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಬರುತ್ತದೆ, ಆದರೆ ಕೈ ಊರದೆ ಹೊಡೆಯುವ ಪಲ್ಟಿ ಇನ್ನೂ ಇಲ್ಲ. ಮೂರರಲ್ಲಿ ಓಡಿ ಬಂದು ರೌಂಡ್‌ಆಫ್ ಹಾಕಿ ಟಕ್, ಅಂದರೆ ಮಂಡಿ ಮಡಚಿ ಗಾಳಿಯಲ್ಲೇ ಪಲ್ಟಿ, ಹೊಡೆಯಬಹುದು. ನಿಂತಲ್ಲೇ ಟಕ್ ಬೇಕಾದರೆ ನಾಲ್ಕಕ್ಕೆ ಹೋಗಬೇಕು. ಸ್ಟಂಟಿಗೂ ಹೀಗೇ ಮಿತಿ ಇದೆ. ಎರಡನೇ ಲೆವೆಲ್‌ನಲ್ಲಿ ಫ್ಲೈಯರ್ (ಮೇಲೆ ನಿಲ್ಲುವವಳು) ಎರಡೂ ಕಾಲಲ್ಲಿ ನಿಂತಿದ್ದರೆ ಬೇಸ್‌ಗಳು (ಕೆಳಗಿನಿಂದ ಎತ್ತುವವರು) ತೋಳು ಪೂರ್ತಿ ಚಾಚಿ ಎತ್ತಬಹುದು. ಒಂಟಿಕಾಲಲ್ಲಿ ಆ ಎತ್ತರ ಬೇಕು ಅಂದರೆ ಮೂರಕ್ಕೆ ಬರಬೇಕು.

ಯಾವ ಲೆವೆಲ್‌ಗೆ ಹೋಗುತ್ತೀರಿ ಅನ್ನುವುದು ಬಹುಮಟ್ಟಿಗೆ ಜಿಮ್‌ನ, ಅಂದರೆ ತಂಡ ನಡೆಸುವ ತರಬೇತಿ ಕೇಂದ್ರದ ನಿರ್ಧಾರ. ಮೂರನೇ ಲೆವೆಲ್‌ನ ಮಕ್ಕಳನ್ನು ಎರಡಕ್ಕೆ ಇಳಿಸಿದರೆ ಯಾರೂ ಬಂದು ಹಿಡಿಯುವುದಿಲ್ಲ. ಅವರ ಹ್ಯಾಂಡ್‌ಸ್ಪ್ರಿಂಗ್ ಗೆರೆ ಎಳೆದ ಹಾಗೆ ನೇರವಾಗಿರುತ್ತದೆ, ಸ್ಟಂಟ್ ಅಲುಗುವುದಿಲ್ಲ, ತೀರ್ಪುಗಾರರು ಕೈಬಿಚ್ಚಿ ಅಂಕ ಕೊಡುತ್ತಾರೆ. ಎದುರಿಗೆ ನಿಜವಾಗಿ ಎರಡನೇ ಲೆವೆಲ್‌ನವರೇ ಆದ ಮಕ್ಕಳು ಬೆವರು ಸುರಿಸಿ ಮಾಡಿದ್ದು ಸಪ್ಪೆಯಾಗಿ ಕಾಣುತ್ತದೆ. ಇದಕ್ಕೆ ಸ್ಯಾಂಡ್‌ಬ್ಯಾಗಿಂಗ್ ಅಂತಾರೆ. ಎಲ್ಲ ಕೋಚ್‌ಗಳೂ ಬೇರೆಯವರ ಮೇಲೆ ಈ ದೂರು ಹೇಳುತ್ತಾರೆ. ನಾವೂ ಮಾಡಿದ್ದೇವೆ ಅಂತ ಒಪ್ಪಿಕೊಂಡವರನ್ನು ನಾನಂತೂ ಕಂಡಿಲ್ಲ!

ನಾನು ಪಟ್ಟಿ ಮಾಡುವ ಕ್ರಮ ಹೀಗಿದೆ. ಟ್ರಯಲ್ಸ್ ದಿನ ಮಕ್ಕಳು ತೋರಿಸಿದ ಒಳ್ಳೆಯ ಟಕ್ ಅನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವತ್ತು ಎಲ್ಲರ ಮೈಯಲ್ಲೂ ಹುರುಪು ಇರುತ್ತದೆ, ಪೋಷಕರು ಗಾಜಿನಾಚೆ ನಿಂತು ನೋಡುತ್ತಿರುತ್ತಾರೆ. ನಾನು ನೋಡುವುದು ಮಾಮೂಲಿ ಅಭ್ಯಾಸದ ಕೊನೆಯ ಹತ್ತು ನಿಮಿಷ. ಕಾಲು ಸೋತಿರುತ್ತದೆ, ಗಮನ ಮನೆಯ ಕಡೆ ಹೋಗಿರುತ್ತದೆ. ಆಗಲೂ ಯಾರ ಸಹಾಯವಿಲ್ಲದೆ ಟಕ್ ಹೊಡೆದು, ಎದೆ ಎತ್ತಿ, ಎರಡೂ ಪಾದದ ಮೇಲೆ ಇಳಿದರೆ ಆ ಮಗುವಿನ ಹೆಸರಿನ ಮುಂದೆ ಗುರುತು ಹಾಕುತ್ತೇನೆ. ಕೆಲವು ವಾರ ಬಿಟ್ಟು ನೋಡಿದಾಗಲೂ ತಂಡದ ಬಹುಪಾಲು ಹೆಸರುಗಳ ಮುಂದೆ ಗುರುತಿದ್ದರೆ ಆ ತಂಡ ಮೂರಕ್ಕೆ. ಬಹುಪಾಲು ಅನ್ನುವುದನ್ನು ಸುಮ್ನೆ ಹೇಳುತ್ತಿಲ್ಲ. ಕಷ್ಟದ ಅಂಕ ಪೂರ್ತಿ ಬರಬೇಕಾದರೆ ಒಬ್ಬಿಬ್ಬರು ಮಾಡಿದರೆ ಸಾಲದು, ಫ್ಲೋರ್ ಮೇಲಿರುವವರಲ್ಲಿ ಹೆಚ್ಚಿನವರು ಆ ಸ್ಕಿಲ್ ಮಾಡಬೇಕು.

ಸ್ಟಂಟಿಗೂ ಇದೇ ಥರ ನೋಡುತ್ತೇನೆ. ಒಂದು ಗುಂಪಿನ ಫ್ಲೈಯರ್‌ಳನ್ನು ಇನ್ನೊಂದು ಗುಂಪಿನ ಬೇಸ್‌ಗಳಿಗೆ ಕೊಟ್ಟು ಎತ್ತಿಸುತ್ತೇನೆ. ಆಗಲೂ ನಿಂತರೆ ಅದು ತಂಡದ ಸ್ಕಿಲ್. ಇಲ್ಲದಿದ್ದರೆ ಅದು ಆ ಗುಂಪಿನ ನಾಲ್ವರ ಹೊಂದಾಣಿಕೆ ಅಷ್ಟೇ. ಅದೂ ಒಳ್ಳೆಯದೇ, ಆದರೆ ಅದನ್ನು ನಂಬಿ ಇಡೀ ತಂಡವನ್ನು ಲೆವೆಲ್ ಹತ್ತಿಸಲು ಆಗುವುದಿಲ್ಲ.

ಒಂದು ವರ್ಷ ನಮ್ಮ ಜೂನಿಯರ್ ತಂಡ ಈ ಅಳತೆಗೆ ಸರಿಯಾಗಿ ಮೂರಕ್ಕೆ ಬಂತು. ಹಿಂದಿನ ಸೀಸನ್‌ನಲ್ಲಿ ಎರಡನೇ ಲೆವೆಲ್‌ನಲ್ಲಿ ಗೆದ್ದ ತಂಡ ಅದು. ಇನ್ನೊಂದು ವರ್ಷ ಅಲ್ಲೇ ಇದ್ದರೆ ಹೋದಲ್ಲೆಲ್ಲ ಮೊದಲ ಸ್ಥಾನದ ಬ್ಯಾನರ್ ಗ್ಯಾರಂಟಿ. ಇದು ಪೋಷಕರಿಗೂ ಗೊತ್ತಿತ್ತು. ಒಬ್ಬ ತಾಯಿ ಬಂದು, "ಕೋಚ್, ಮಕ್ಕಳಿಗೆ ಗೆಲ್ಲೋ ಅಭ್ಯಾಸ ಆಗಿದೆ. ಈಗ್ಯಾಕೆ ಕೆಡಿಸ್ತೀರಿ?" ಅಂದರು. ಮಾತಿನಲ್ಲಿ ತೂಕವಿತ್ತು. ಸೋತು ಸೋತು ಬಿಟ್ಟು ಹೋದ ಮಕ್ಕಳನ್ನು ನಾನೂ ನೋಡಿದ್ದೇನೆ. ಆದರೆ ನಾನು ಅವರನ್ನು ಅಭ್ಯಾಸದ ಜಾಗಕ್ಕೆ ಕರೆದುಕೊಂಡು ಹೋಗಿ ಅವರ ಮಗಳನ್ನೇ ತೋರಿಸಿದೆ. ಅವಳು ಹ್ಯಾಂಡ್‌ಸ್ಪ್ರಿಂಗ್ ಮುಗಿಸಿ, ಉಳಿದ ವೇಗವನ್ನು ಎಲ್ಲಿ ಹಾಕಬೇಕೋ ತಿಳಿಯದೆ ಎರಡು ಹೆಜ್ಜೆ ಹಿಂದಕ್ಕೆ ಓಡುತ್ತಿದ್ದಳು. "ಆ ಎರಡು ಹೆಜ್ಜೆ ಇದೆಯಲ್ಲ, ಅದು ಟಕ್ ಆಗಬೇಕಾದ್ದು. ಎರಡನೇ ಲೆವೆಲ್‌ನಲ್ಲಿ ಅದನ್ನು ಮಾಡಬೇಡ ಅಂತ ವರ್ಷವಿಡೀ ಹೇಳಿಕೊಡಬೇಕಾಗುತ್ತದೆ" ಅಂದೆ. ಅವರಿಗೆ ಪೂರ್ತಿ ಸಮಾಧಾನ ಆಯಿತು ಅಂತ ಅನ್ನಿಸಲಿಲ್ಲ. ಆದರೆ ಮಗಳನ್ನು ಬಿಡಿಸಲಿಲ್ಲ.

ಆ ಸೀಸನ್ ನಾವು ಹೆಚ್ಚಾಗಿ ನಡುವಿನ ಸ್ಥಾನಗಳಲ್ಲೇ ಇದ್ದೆವು. ಸುಳ್ಳು ಯಾಕೆ ಹೇಳಲಿ, ಪ್ರಶಸ್ತಿ ಕೊಡುವಾಗ ನೆಲದ ಮೇಲೆ ಸಾಲಾಗಿ ಕೂತು ಬೇರೆಯವರ ಹೆಸರು ಕೇಳುವುದು ಮಕ್ಕಳಿಗೆ ಕಷ್ಟವೇ ಆಯಿತು.

ಅದಕ್ಕಿಂತ ವಿಚಿತ್ರ ಅನುಭವ ಇನ್ನೊಂದು ತಂಡದ್ದು. ಲೆವೆಲ್, ವಯಸ್ಸು, ತಂಡದ ಗಾತ್ರ, ಹುಡುಗರು ಇದ್ದಾರೋ ಇಲ್ಲವೋ ಅಂತ ಎಲ್ಲ ಸೇರಿ ಡಿವಿಷನ್‌ಗಳು ಎಷ್ಟು ಒಡೆದಿವೆ ಅಂದರೆ ಸಣ್ಣ ಸ್ಪರ್ಧೆಗಳಲ್ಲಿ ಒಂದು ಡಿವಿಷನ್‌ಗೆ ಒಂದೇ ತಂಡ ಬರುವುದುಂಟು. ಜೂನಿಯರ್‌ಗಿಂತ ಚಿಕ್ಕವರಾದ ನಮ್ಮ ಯೂತ್ ತಂಡಕ್ಕೆ ಹಾಗಾಯಿತು. ಎರಡು ಸ್ಟಂಟ್ ಕೆಳಗೆ ಬಂದವು, ಡಾನ್ಸ್‌ನಲ್ಲಿ ಒಬ್ಬಳು ಬೇರೆ ದಿಕ್ಕಿಗೆ ತಿರುಗಿದಳು, ಕೊನೆಗೆ ನಮಗೇ ಮೊದಲ ಸ್ಥಾನ. ಬ್ಯಾನರ್, ಮೆಡಲ್, ಬಣ್ಣದ ಕಾಗದದ ಮಳೆ ಎಲ್ಲ ಆಯಿತು. ಹಾಳೂರಿಗೆ ಉಳಿದವನೇ ಗೌಡ. ಚಿಕ್ಕವರು ಕುಣಿದಾಡುತ್ತಿದ್ದರು. ಅವರಲ್ಲೇ ಒಬ್ಬಳು, ಎಂಟು ವರ್ಷದವಳು, ಮೆಡಲ್ ಹಿಡಿದುಕೊಂಡು ಬಂದು, "ಕೋಚ್, ನಾವು ಯಾರನ್ನ ಸೋಲ್ಸಿದ್ವಿ?" ಅಂತ ಕೇಳಿದಳು.

ಆ ಪ್ರಶ್ನೆಗೆ ಉತ್ತರ ಕೊಡಲಿಕ್ಕೆ ನಾನು ಒಂದು ಪದ್ಧತಿ ಮಾಡಿಕೊಂಡೆ. ಸ್ಪರ್ಧೆ ಮುಗಿದ ಮೇಲಿನ ಮೊದಲ ಅಭ್ಯಾಸಕ್ಕೆ ಅಂಕಪಟ್ಟಿ ತರುತ್ತೇನೆ. ಸ್ಥಾನ ಬರೆದ ಜಾಗವನ್ನು ಮಡಚಿ ಇಟ್ಟು ಉಳಿದದ್ದನ್ನು ಓದುತ್ತೇವೆ. ಸ್ಟಂಟ್‌ನ ಕಷ್ಟಕ್ಕೆ ಎಷ್ಟು, ಅಚ್ಚುಕಟ್ಟಿಗೆ ಎಷ್ಟು, ಪಿರಮಿಡ್‌ಗೆ ಎಷ್ಟು, ಎಲ್ಲೆಲ್ಲಿ ಕಡಿತ. ಪಕ್ಕದಲ್ಲಿ ಹಿಂದಿನ ಸ್ಪರ್ಧೆಯ ಹಾಳೆ. ಅದೇ ಲೆವೆಲ್‌ನಲ್ಲಿ ಬೇರೆ ಡಿವಿಷನ್‌ನವರ ಒಟ್ಟು ಅಂಕ ಹೊರಗೆ ಹಾಕಿದ್ದರೆ ಅದೂ ಬೇಕು. ಆ ಬ್ಯಾನರ್ ಗೆದ್ದ ದಿನದ ಹಾಳೆ ಹಿಂದಿನದಕ್ಕಿಂತ ಕಡಿಮೆ ಇತ್ತು. ಮಕ್ಕಳಿಗೆ ಅದು ತಕ್ಷಣ ಅರ್ಥವಾಯಿತು. ದೊಡ್ಡವರಿಗೆ ಅರ್ಥ ಮಾಡಿಸುವುದೇ ಕಷ್ಟ, ಅವರು ಆಗಲೇ ಫೋಟೋ ಹಾಕಿ ಅಭಿನಂದನೆ ಪಡೆದಾಗಿತ್ತು.

ಎದುರಿಗೆ ಯಾರು, ಯಾವ ನಿಯಮದ ಮೇಲೆ ಅನ್ನುವ ಪ್ರಶ್ನೆ ಕೋರ್ಟಿನ ತನಕ ಹೋಗಿದೆ. ಅಮೆರಿಕದ ಕ್ವಿನಿಪಿಯಾಕ್ ವಿಶ್ವವಿದ್ಯಾಲಯ 2009ರಲ್ಲಿ ಹುಡುಗಿಯರ ವಾಲಿಬಾಲ್ ತಂಡ ತೆಗೆದು ಚಿಯರ್ ತಂಡ ತರಲು ಹೊರಟಿತು. ವಾಲಿಬಾಲ್ ಆಟಗಾರ್ತಿಯರೂ ಅವರ ಕೋಚ್ ಕೂಡ ಕೇಸು ಹಾಕಿದರು. ಶಿಕ್ಷಣದಲ್ಲಿ ಹೆಣ್ಣು ಗಂಡಿಗೆ ಸಮಾನ ಅವಕಾಶ ಇರಬೇಕು ಅನ್ನುವ ಟೈಟಲ್ ನೈನ್ ಕಾನೂನಿನ ಲೆಕ್ಕಕ್ಕೆ ಚಿಯರ್ ಅನ್ನು ಕ್ರೀಡೆ ಅಂತ ಹಿಡಿಯಲಾಗುವುದಿಲ್ಲ ಅಂತ 2010ರಲ್ಲಿ ತೀರ್ಪು ಬಂತು. 2012ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಎಲ್ಲ ಸ್ಪರ್ಧೆಗೂ ಒಂದೇ ನಿಯಮ ಇರಲಿಲ್ಲ, ಎದುರಾಳಿಗಳಲ್ಲಿ ಕಾಲೇಜು ತಂಡಗಳಲ್ಲದವರೂ ಇದ್ದರು ಅನ್ನುವುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಸೇರಿತ್ತು. ಚಿಯರ್‌ನವರಿಗೆ ಇದು ಅವಮಾನ ಅನ್ನಿಸಿತು. ನನಗೆ ಮಾತ್ರ ಅವರು ಕೈ ಇಟ್ಟ ಜಾಗ ಸರಿಯಾದದ್ದೇ ಅನ್ನಿಸುತ್ತದೆ. ಮಕ್ಕಳ ಶ್ರಮದ ಬಗ್ಗೆ ಆ ಕೋರ್ಟಿಗೆ ಸಂದೇಹ ಇರಲಿಲ್ಲ.

ಅದೇ ಸುಮಾರಿಗೆ ಸ್ಟಂಟ್ ಅನ್ನುವ ಹೆಸರಿನದೇ ಒಂದು ಬೇರೆ ಆಟ ಬಂತು. ಅದರಲ್ಲಿ ಎರಡು ತಂಡ ಅಕ್ಕಪಕ್ಕ ನಿಂತು, ಒಂದೇ ಹೊತ್ತಿಗೆ, ಒಂದೇ ಸ್ಕಿಲ್ ಮಾಡುತ್ತವೆ. ಚೆನ್ನಾಗಿ ಮಾಡಿದವರಿಗೆ ಆ ಸುತ್ತಿನ ಅಂಕ. ತೀರ್ಪು ಕೊಡುವವರಿಗೂ ಸುಲಭ, ನೋಡುವವರಿಗೂ ಸುಲಭ.  

ತೀರ್ಪುಗಾರರ ವಿಷಯ ಹೇಳದೆ ಹೋದರೆ ಆಗುವುದಿಲ್ಲ. ಸೋತ ಮೇಲೆ ತೀರ್ಪುಗಾರರನ್ನು ಬೈಯುವುದು ನಮ್ಮಲ್ಲಿ ದಿನನಿತ್ಯದ ಮಾತು. ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನುವುದನ್ನು ನಿಜವಾಗಿಯೂ ನೆಲದ ಮೇಲೆ ಕುಣಿಯುವವರಿಂದಲೇ ಕೇಳಬೇಕು, ಅಲ್ವಾ? ಅವರ ಕೆಲಸ ಸುಲಭದ್ದಲ್ಲ. ಒಂದೇ ಕ್ಷಣಕ್ಕೆ ಫ್ಲೋರ್‌ನ ನಾಲ್ಕು ಕಡೆ ಸ್ಟಂಟ್ ಎದ್ದಿರುತ್ತದೆ, ಹಿಂದೆ ಒಬ್ಬಳು ಟಂಬಲ್ ಮಾಡುತ್ತಿರುತ್ತಾಳೆ. ಕಣ್ತಪ್ಪುವುದು ಸಹಜ.

ಒಂದು ಸಲ ಅದು ನಮ್ಮ ಪರವಾಗಿಯೇ ಆಯಿತು. ಟಕ್ ಇಳಿಯುವಾಗ ಒಬ್ಬ ಹುಡುಗಿಯ ಮೊಣಕಾಲು ಮ್ಯಾಟಿಗೆ ತಾಗಿತು. ಅದಕ್ಕೆ ಕಡಿತ ಬೀಳಬೇಕು. ಅಂಕಪಟ್ಟಿಯಲ್ಲಿ ಕಡಿತ ಸೊನ್ನೆ! ಒಂದೂ ಕಡಿತ ಇಲ್ಲದಿದ್ದರೆ ಹಿಟ್ ಝೀರೋ ಅಂತಾರೆ, ಅದಕ್ಕೇ ಒಂದು ಬ್ಯಾಡ್ಜ್ ಬೇರೆ ಕೊಡುತ್ತಾರೆ. ಆ ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ, "ಕೋಚ್, ನನ್ನ ಮಂಡಿ ತಾಗಿತ್ತು. ನನಗೆ ಗೊತ್ತು" ಅಂದಳು. ಇಬ್ಬರೂ ಅಂಕ ವಿಚಾರಿಸುವ ಮೇಜಿನ ಹತ್ತಿರ ಹೋದೆವು. ಅಲ್ಲಿದ್ದವರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಜಾಸ್ತಿ ಕಡಿತ ಹಾಕಿ ಅಂತ ಕೇಳಲು ಬಂದವರು ಅವರಿಗೆ ಹೊಸಬರಿರಬೇಕು. ಪ್ಯಾನಲ್‌ನವರು ಕಂಡದ್ದನ್ನು ಬರೆದಿದ್ದಾರೆ, ಅದು ಹಾಗೇ ಇರುತ್ತದೆ ಅಂದರು. ಬ್ಯಾಡ್ಜ್‌ಗಳನ್ನು ತಂದು ಬೆಂಚ್ ಮೇಲೆ ಇಟ್ಟೆ, ಏನೂ ಹೇಳಲಿಲ್ಲ. ಸುಮಾರು ಅರ್ಧ ಮಕ್ಕಳು ಬ್ಯಾಗಿಗೆ ಚುಚ್ಚಿಕೊಂಡರು, ಉಳಿದವರು ಮುಟ್ಟಲಿಲ್ಲ. ತಮ್ಮ ಭಾಗವನ್ನು ತಪ್ಪಿಲ್ಲದೆ ಮಾಡಿದವರು ಹಾಕಿಕೊಂಡರೆ ತಪ್ಪೇನು ಅಂತ ಒಬ್ಬಳು ವಾದಿಸಿದಳು. ತಂಡಕ್ಕೆ ಕೊಟ್ಟದ್ದು ಅದು, ನಿನಗೊಬ್ಬಳಿಗೆ ಅಲ್ಲ ಅಂತ ಇನ್ನೊಬ್ಬಳು. ಬಸ್ಸಿನಲ್ಲೂ ಈ ಜಗಳ ನಡೆಯಿತು. ನಾನು ಬಾಯಿ ಹಾಕಲಿಲ್ಲ.

ಬಾಯಿ ಹಾಕಲೇಬೇಕಾದ ಜಾಗ ಸ್ಟಂಟ್. ಒಂಟಿಕಾಲ ಸ್ಟಂಟಿನಲ್ಲಿ ಫ್ಲೈಯರ್‌ಳ ಶೂ ಬೇಸ್‌ಗಳ ಅಂಗೈಯಲ್ಲಿ ಇರುತ್ತದೆ, ಹಿಂದೆ ನಿಂತು ಕಾಯುವವಳು ಬ್ಯಾಕ್‌ಸ್ಪಾಟ್, ಅವಳು ಹಿಂದಿನಿಂದ ಫ್ಲೈಯರ್‌ಳ ಕಣಕಾಲು ಹಿಡಿದಿರುತ್ತಾಳೆ. ಮೇಲಿದ್ದವಳ ಸೊಂಟ ಸ್ವಲ್ಪ ಕುಸಿದರೂ ಹಿಮ್ಮಡಿ ಅಂಗೈಯಲ್ಲಿ ಹೊರಳುತ್ತದೆ. ಮೊದಲು ಗೊತ್ತಾಗುವುದು ಬ್ಯಾಕ್‌ಸ್ಪಾಟ್‌ಗೆ. ಆಗ ಎರಡು ದಾರಿ. ಎಲ್ಲರೂ ಪಾದದ ಕೆಳಗೆ ಒದ್ದಾಡಿ ಸ್ಟಂಟ್ ಉಳಿಸುವುದು, ಇಲ್ಲವೇ "ಡೌನ್" ಅಂತ ಕೂಗಿ ಫ್ಲೈಯರ್‌ಳನ್ನು ತೋಳಿಗೆ ಇಳಿಸಿಕೊಳ್ಳುವುದು. ಉಳಿಸಿದರೆ ಕಡಿತ ಚಿಕ್ಕದು. ಇಳಿಸಿದರೆ ಅದಕ್ಕಿಂತ ದೊಡ್ಡದು. ಉಳಿಸಲು ಹೋಗಿ ಯಾರಾದರೂ ನೆಲಕ್ಕೆ ಬಿದ್ದರೆ ಇನ್ನೂ ದೊಡ್ಡದು, ಅಂಕದ ಮಾತು ಬಿಡಿ, ಕುತ್ತಿಗೆಯ ಮಾತು ಅದು. ನಮ್ಮ ಜಿಮ್‌ನಲ್ಲಿ ಬ್ಯಾಕ್‌ಸ್ಪಾಟ್ "ಡೌನ್" ಅಂದರೆ ಮುಗಿಯಿತು, ಯಾಕೆ ಅಂತ ಅವಳನ್ನು ಯಾರೂ ಕೇಳುವಂತಿಲ್ಲ. ಬೇಸ್ ಕೇಳುವಂತಿಲ್ಲ, ಫ್ಲೈಯರ್ ಕೇಳುವಂತಿಲ್ಲ, ನಾನೂ ಕೇಳುವಂತಿಲ್ಲ.

ಆ ಮೂರನೇ ಲೆವೆಲ್ ತಂಡದ ಕೊನೆಯ ಸ್ಪರ್ಧೆಯಲ್ಲಿ ನಮ್ಮ ಬ್ಯಾಕ್‌ಸ್ಪಾಟ್ ಹೀಗೆ ಕೂಗಿದಳು. ನಾವು ಆಗ ಎರಡನೆಯವರಾಗುವ ಹಾದಿಯಲ್ಲಿದ್ದೆವು, ನಾಲ್ಕನೇ ಸ್ಥಾನಕ್ಕೆ ಇಳಿದೆವು. ವಿಡಿಯೋ ನೋಡಿದ ಒಬ್ಬ ತಂದೆ, "ಇನ್ನೊಂದು ಸೆಕೆಂಡ್ ಹಿಡಿದಿದ್ದರೆ ಉಳೀತಿತ್ತು" ಅಂದರು. ಇರಬಹುದು. ಆ ಫ್ಲೈಯರ್ ಮಾತ್ರ ಮುಂದಿನ ಸೀಸನ್‌ಗೆ ನನಗೆ ಅವಳೇ ಬ್ಯಾಕ್‌ಸ್ಪಾಟ್ ಬೇಕು ಅಂತ ಹೆಸರು ಕೊಟ್ಟಳು.

ಈಗ ಮತ್ತೆ ಪಟ್ಟಿ ಮಾಡುವ ಕಾಲ. ಈ ಸಲದ ಜೂನಿಯರ್‌ಗಳಲ್ಲಿ ಟಕ್ ಇರುವವರು ಕೆಲವರೇ, ಅದೂ ಅಭ್ಯಾಸದ ಕೊನೆಗೆ ಮುಕ್ಕಾಲು ಪಾಲು ಕೈಕೊಡುತ್ತದೆ. ತಂಡ ಎರಡರಲ್ಲೇ ಇರಲಿ ಅಂತ ಬರೆದಿದ್ದೇನೆ. ಅವತ್ತು ಯಾಕೆ ಮೇಲೆ ಹಾಕುತ್ತೀರಿ ಅಂತ ಕೇಳಿದ್ದ ಅದೇ ತಾಯಿ, ಈಗ ಚಿಕ್ಕ ಮಗಳನ್ನು ಕರೆದುಕೊಂಡು ಬಂದು, ಇವಳನ್ನು ಯಾಕೆ ಮೂರಕ್ಕೆ ಹಾಕಲಿಲ್ಲ ಅಂತ ಕೇಳುತ್ತಿದ್ದಾರೆ. ಗುರುವಾರದ ಅಭ್ಯಾಸಕ್ಕೆ ಬನ್ನಿ, ಕೊನೆಯ ಹತ್ತು ನಿಮಿಷ ಇದ್ದು ನೋಡಿ ಅಂತ ಹೇಳಿದ್ದೇನೆ.