ಕೋನಗಳನ್ನು ಕೂಡುವಾಗ ಚಿಹ್ನೆ ತಪ್ಪದಿರಲು

ಕೊಪ್ಪಳದಲ್ಲಿ ಸಂಜೆ ಪಾಠಕ್ಕೆ ಬರುವ ಪ್ರಥಮ ಪಿಯುಸಿ ಮಕ್ಕಳ ನೋಟ್‌ಬುಕ್ ತಿದ್ದುವಾಗ ಪ್ರತಿ ವರ್ಷವೂ ಒಂದೇ ತಪ್ಪು ಎದುರಾಗುತ್ತದೆ: ಸೈನ್ (ಎ + ಬಿ) ಎಂದರೆ ಸೈನ್ ಎ ಮತ್ತು ಸೈನ್ ಬಿ ಕೂಡಿಸಿದರಾಯಿತು ಎಂದು ಬರೆದಿರುತ್ತಾರೆ. ಆ ಲೆಕ್ಕದಲ್ಲಿ 30° ಮತ್ತು 60° ಸೇರಿದ ಸೈನ್ 90° ಬೆಲೆ 0.5 + 0.866, ಅಂದರೆ 1.366 ಆಗಬೇಕು, ಸೈನ್ ಬೆಲೆಯಾದರೋ 1ನ್ನು ದಾಟುವುದೇ ಇಲ್ಲ.

ಮೊದಲ ಕೆಲಸ, ಕೊಟ್ಟ ಕೋನವನ್ನು ಬೆಲೆ ಗೊತ್ತಿರುವ ಕೋನಗಳಾಗಿ ಒಡೆಯುವುದು: 75° ಎಂದರೆ 45° + 30°, 15° ಎಂದರೆ 45° − 30°.

ಎರಡನೆಯದು ಸೂತ್ರ.

ಸೈನ್ (ಎ + ಬಿ) = ಸೈನ್ ಎ × ಕಾಸ್ ಬಿ + ಕಾಸ್ ಎ × ಸೈನ್ ಬಿ
ಕಾಸ್ (ಎ + ಬಿ) = ಕಾಸ್ ಎ × ಕಾಸ್ ಬಿ − ಸೈನ್ ಎ × ಸೈನ್ ಬಿ

ಮೊದಲನೆಯದನ್ನು ಭಾಸ್ಕರಾಚಾರ್ಯರು 1150ರಷ್ಟು ಹಿಂದೆಯೇ ‘ಸಿದ್ಧಾಂತ ಶಿರೋಮಣಿ’ಯ ಜ್ಯೋತ್ಪತ್ತಿ ಭಾಗದಲ್ಲಿ ಹೇಳಿದ್ದಾರೆ. ವ್ಯತ್ಯಾಸ ಬೇಕಾದಾಗ ಬಲಗಡೆಯ ನಡುವಿನ ಚಿಹ್ನೆಯನ್ನು ತಿರುಗಿಸಿದರೆ ಸಾಕು. ಕಾಸ್‌ನಲ್ಲಿ ಆವರಣದೊಳಗೆ ಕೂಡು ಇದ್ದರೆ ಹೊರಗೆ ಕಳೆ ಬರುವುದನ್ನು ಪ್ರಾಸ ಕಟ್ಟಿ ಬಾಯಿಪಾಠ ಮಾಡುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಪರೀಕ್ಷೆಯ ಗಾಬರಿಯಲ್ಲಿ ಮೊದಲು ಮರೆಯುವುದು ಆ ಪ್ರಾಸವೇ. ಅದರ ಬದಲು 75° ಇಟ್ಟು ನೋಡಿರಿ: 90°ವರೆಗೆ ಕೋನ ಬೆಳೆದಂತೆ ಕಾಸ್ ಇಳಿಯುತ್ತದೆ, ಆದ್ದರಿಂದ ಕಾಸ್ 75° ಬೆಲೆಯು ಕಾಸ್ 45°ರ 0.707ಕ್ಕಿಂತ ಕಡಿಮೆಯಿರಲೇಬೇಕು. ಕಳೆದರೆ 0.259 ಬರುತ್ತದೆ, ಕೂಡಿದರೆ 0.966. ಬಸ್ ನಿಲ್ದಾಣದ ಬಳಿ ನಾನೇ ಕೊಂಡ ಸೂತ್ರಗಳ ಚಾರ್ಟೊಂದರಲ್ಲಿ ಇಲ್ಲಿ ಕೂಡು ಚಿಹ್ನೆ ಅಚ್ಚಾಗಿತ್ತು. ಈಗ ಅದು ಪುಸ್ತಕಕ್ಕೆ ರಟ್ಟಾಗಿದೆ.

ನಿಜವಾಗಿ ಅಂಕ ಹೋಗುವುದು ಕೋನವನ್ನೇ ಕೊಡದ ಲೆಕ್ಕಗಳಲ್ಲಿ. ಸೈನ್ ಎ = 3/5, ಎ ಎರಡನೆಯ ಚತುರ್ಥಕದಲ್ಲಿದೆ (360°ಯನ್ನು 90°ಯಂತೆ ನಾಲ್ಕು ಪಾಲು ಮಾಡಿದರೆ ಒಂದೊಂದೂ ಚತುರ್ಥಕ; ಎರಡನೆಯದು 90°ರಿಂದ 180°ವರೆಗೆ); ಕಾಸ್ ಬಿ = 5/13, ಬಿ ಮೊದಲನೆಯದರಲ್ಲಿದೆ; ಸೈನ್ (ಎ + ಬಿ) ಎಷ್ಟು? ಸೂತ್ರಕ್ಕೆ ಕೈ ಹಾಕುವ ಮುನ್ನ ಪುಟದ ಅಂಚಿನಲ್ಲಿ ನಾಲ್ಕು ಮನೆ ಗೀಚಿ ನಾಲ್ಕೂ ಬೆಲೆಗಳನ್ನು ಚಿಹ್ನೆಯ ಸಮೇತ ತುಂಬಬೇಕು. 3–4–5 ತ್ರಿಭುಜದಿಂದ ಕಾಸ್ ಎ 4/5 ಎಂದು ತಟ್ಟನೆ ಹೊಳೆಯುತ್ತದೆ, ತಪ್ಪುವುದೂ ಅಲ್ಲಿಯೇ: ತ್ರಿಭುಜ ಕೊಡುವುದು ಅಳತೆಯನ್ನು ಮಾತ್ರ, ಚಿಹ್ನೆಯನ್ನು ಕೊಡುವುದು ಚತುರ್ಥಕ. ಎರಡನೆಯ ಚತುರ್ಥಕದಲ್ಲಿ ಕಾಸ್ ಋಣವಾದ್ದರಿಂದ ಅದು −4/5. ಸೈನ್ ಬಿ 12/13. ಈಗ 15/65 − 48/65, ಅಂದರೆ −33/65. ಚಿಹ್ನೆ ಮರೆತವರಿಗೆ 63/65 ಬರುತ್ತದೆ, ಅದೂ ನೋಡಲು ಅಷ್ಟೇ ಅಚ್ಚುಕಟ್ಟಾಗಿರುವುದರಿಂದ ಅನುಮಾನವೇ ಹುಟ್ಟುವುದಿಲ್ಲ. ಎ ಸುಮಾರು 143°, ಬಿ ಸುಮಾರು 67°, ಮೊತ್ತ 210°. ಮೂರನೆಯ ಚತುರ್ಥಕದಲ್ಲಿ ಸೈನ್ ಋಣವೇ ಆಗಬೇಕು.

ಕ್ಯಾಲ್ಕುಲೇಟರ್‌ನಲ್ಲಿ ತಾಳೆ ನೋಡುವವರು ಅದು ಕೋನದ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿಲ್ಲ, ಡಿಗ್ರಿಯಲ್ಲಿದೆ ಎಂದು ಖಚಿತಪಡಿಸಿಕೊಳ್ಳಿರಿ. ಟ್ಯಾನ್ ಸೂತ್ರ ಬೇಕೆಂದರೆ ಸೈನ್ ಸೂತ್ರವನ್ನು ಕಾಸ್ ಸೂತ್ರದಿಂದ ಭಾಗಿಸಿ, ಮೇಲೆ ಕೆಳಗೆ ಎರಡನ್ನೂ ಕಾಸ್ ಎ × ಕಾಸ್ ಬಿಯಿಂದ ಭಾಗಿಸಿದರಾಯಿತು. ಛೇದದಲ್ಲಿ 1 − ಟ್ಯಾನ್ ಎ × ಟ್ಯಾನ್ ಬಿ ಉಳಿಯುತ್ತದೆ.